ಮ್ಯಾಗ್ನಂ ಎಂಬ ಮ್ಯಾಗಿನ ರೈಫಲ್ಲು

ಮೂರು ತಿಂಗಳ ಹಿಂದೆ, ನ್ಯಾಮತಿಯ ನಮ್ಮ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ಸಮಾಸ ಹೇಳಿಕೊಡುತ್ತಿದ್ದೆ. ತತ್ಪುರುಷಕ್ಕೆ ಬಂದಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಬೇರೊಬ್ಬ ಪುರುಷ ಬಂದು ನಿಂತ. ಖಾಕಿ ಬಟ್ಟೆ, ಕೈಯಲ್ಲೊಂದು ಪಟ್ಟಿ. ಪೊಲೀಸ್ ಪೇದೆ.

ಎಲೆಕ್ಷನ್ ಬಂದಿದೆ, ಲೈಸೆನ್ಸ್ ಇರುವವರೆಲ್ಲ ಬಂದೂಕು ತಂದು ಸ್ಟೇಷನ್ನಿನಲ್ಲಿ ಒಪ್ಪಿಸಬೇಕು, ನಿಮ್ಮದೊಂದು ಬಾಕಿ ಉಳಿದಿದೆ ಎಂದ. ನನ್ನ ಬಳಿ ಬಂದೂಕಿಲ್ಲ ಎಂದೆ. ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದ. ಹೆಸರು ನನ್ನದೇ, ಲೈಸೆನ್ಸೂ ನನ್ನದೇ, ಆದರೆ ಬಂದೂಕು ಇಲ್ಲ ಎಂದೆ. ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಲೈಸೆನ್ಸ್ ಇಲ್ದೆ ಬಂದೂಕು ಇಟ್ಕೊಂಡೋರನ್ನ ಹಿಡಿದೀನ್ರಿ ಮೇಷ್ಟ್ರೆ. ಬಂದೂಕು ಇಲ್ದೆ ಲೈಸೆನ್ಸ್ ಇಟ್ಕೊಂಡೋರನ್ನ ಏನು ಮಾಡ್ಬೇಕು ಅಂತ ನಮಗೆ ಟ್ರೈನಿಂಗ್‌ನಾಗೆ ಹೇಳಿಲ್ಲ."

ಕ್ಲಾಸಿಗೆ ಕ್ಲಾಸೇ ಕಿಸಕ್ಕೆಂದಿತು. ಕೊನೆಗೆ 'ನನ್ನ ಬಳಿ ಯಾವುದೇ ಬಂದೂಕು ಇರುವುದಿಲ್ಲ' ಎಂದು ಬರೆದು ರುಜು ಹಾಕಿ ಕೊಟ್ಟು ಸಾಗಹಾಕಿದೆ. (ಬಹುವ್ರೀಹಿಗೆ ಹೊಸ ಉದಾಹರಣೆ ಸಿಕ್ಕಿತು: ಬಂದೂಕಿಲ್ಲದ ಲೈಸೆನ್ಸು ಉಳ್ಳವನು ಯಾರೋ ಅವನು.)

ನಿಜವಾದ ಅವಮಾನ ಅದಲ್ಲ. ಸಂಜೆ ಮನೆಗೆ ಹೋದರೆ ಹೆಂಡತಿ ಗಿರಿಜ ಅವಳ ಅಕ್ಕನ ಪತ್ರ ಹಿಡಿದು ಕೂತಿದ್ದಳು. ಚನ್ನಗಿರಿಯ ಭಾವನೂ ತಮ್ಮ ರೈಫಲ್ ಸ್ಟೇಷನ್ನಿಗೆ ಒಪ್ಪಿಸಿದರಂತೆ. ಅವರಿಗೆ ಕುರ್ಚಿ ಹಾಕಿದರಂತೆ. ಟೀ ತರಿಸಿದರಂತೆ. ಇನ್ಸ್‌ಪೆಕ್ಟರು ರೈಫಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, ಒಳ್ಳೇ ಪೀಸು ಅಂತ ಹೇಳಿ ರಸೀದಿ ಬರೆದುಕೊಟ್ಟರಂತೆ.

ಆ ರಸೀದಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀರಾ?

ನಂಬಿ. ನನಗೆ ಆ ಚನ್ನಗಿರಿಯವನ ಮೇಲೆ ಆಗದ ಹೊಟ್ಟೆಕಿಚ್ಚೇ ಇಲ್ಲ. ಯಾಕೆಂದರೆ ಅವನು ನನ್ನ ಷಡ್ಡಕ.

ಅಣ್ಣತಮ್ಮಂದಿರ ಜಗಳಕ್ಕೆ ಆಸ್ತಿ ಬೇಕು. ದಾಯಾದಿಗಳಿಗೆ ಗಡಿಕಲ್ಲು ಬೇಕು. ಷಡ್ಡಕರಿಗೆ ಏನೂ ಬೇಡ. ಒಂದೇ ಮನೆಗೆ ಇಬ್ಬರು ಅಳಿಯಂದಿರು, ಅಷ್ಟು ಸಾಕು. ಒಬ್ಬನ ಕೊರಳಿಗೆ ಹಾರ ಹಾಕಿದಂದೇ ಇನ್ನೊಬ್ಬನನ್ನು ಅಳೆಯುವ ಕೋಲು ತಯಾರಾಗಿರುತ್ತದೆ. ಹೊನ್ನಾಳಿಯ ನಮ್ಮ ಮಾವನವರ ಮನೆಯಲ್ಲಿ ಆ ಕೋಲಿನ ಹೆಸರು ಹಾಲೇಶಪ್ಪ.

ಹಾಲೇಶಪ್ಪ ನನಗಿಂತ ಎರಡು ವರ್ಷ ಚಿಕ್ಕವನು. ಆದರೆ ಮದುವೆಯಾದದ್ದು ದೊಡ್ಡ ಮಗಳನ್ನು. ಹಾಗಾಗಿ ಅವನು ಹಿರಿಯಳಿಯ. ಮೊದಲ ಎಲೆ ಅವನಿಗೆ, ಮೊದಲ ತಾಂಬೂಲ ಅವನಿಗೆ. ನಾನು ತಲೆ ನೆರೆತ ಕಿರಿಯಳಿಯ. (ಎದುರಿಗೆ 'ಅವರು' ಅನ್ನುತ್ತೇನೆ. ಇಲ್ಲಿ ಅವನು ಎದುರಿಗಿಲ್ಲ.) ಚನ್ನಗಿರಿಯಲ್ಲಿ ಅಕ್ಕಿ ಮಿಲ್ಲು ಇದೆ, ಮೋಟಾರ್ ಬೈಕು ಇದೆ, ಯಾರ ಮನೆಯಲ್ಲಿ ಕೂತರೂ ಆ ಮನೆ ತುಂಬುವಂಥ ನಗು ಇದೆ. ಇಷ್ಟನ್ನೂ ನಾನು ಸಹಿಸಿಕೊಂಡಿದ್ದೆ. ಸತ್ಯವಾಗಿಯೂ ಸಹಿಸಿಕೊಂಡಿದ್ದೆ.

ಆಮೇಲೆ ರೈಫಲ್ ಬಂತು.

ಅದನ್ನು ಅವನು ಹೊನ್ನಾಳಿಗೆ ಮೊದಲ ಸಲ ತಂದದ್ದು ನಾಲ್ಕು ವರ್ಷದ ಹಿಂದೆ. ಮಾವನವರ ಕಬ್ಬಿನ ಗದ್ದೆಗೆ ಹಂದಿ ಬೀಳುತ್ತಿತ್ತು. ಅದೇ ನೆಪ. ಅಂದು ಹಂದಿ ಒಂದೂ ಬರಲಿಲ್ಲ. ಆದರೆ ದನದ ಕೊಟ್ಟಿಗೆಯ ಪಕ್ಕದ ಹುಣಸೆಮರದಲ್ಲಿ ಕಣಜದ ಹುಳುಗಳ ಗೂಡೊಂದು ಎರಡು ತಿಂಗಳಿಂದ ತೂಗುತ್ತಿತ್ತು. ಯಾರೂ ಹತ್ತಿರ ಹೋಗುವಂತಿರಲಿಲ್ಲ. ಹಾಲೇಶಪ್ಪ ದೂರದಲ್ಲಿ ಗಾಡಿಯ ನೊಗಕ್ಕೆ ಆತು ನಿಂತ. ಉಸಿರು ಬಿಗಿಹಿಡಿದ. ಟಪ್ ಎಂದು ಒಂದು ಸದ್ದು, ಒಣ ಕೊಂಬೆ ಮುರಿದಷ್ಟೇ. ಗೂಡು ಕಚ್ಚಿಕೊಂಡಿದ್ದ ತೆಳ್ಳನೆಯ ರೆಂಬೆಯೇ ತುಂಡಾಗಿ ಗೂಡು ಕೆಳಗೆ ಬಿತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಹುಳುಗಳು ಮಾತ್ರ ನೇರವಾಗಿ ನನ್ನ ಹತ್ತಿರ ಬಂದವು. ಮೂರು ದಿನ ಒಂದು ಕಣ್ಣು ತೆರೆಯಲಿಲ್ಲ, ಕೆನ್ನೆ ಬೋಂಡದ ಹಾಗೆ ಊದಿತ್ತು. ಇವತ್ತಿಗೂ ಆ ಮನೆಯಲ್ಲಿ ಹಿರಿಯಳಿಯನ ಗುರಿಯ ಕಥೆ ಹೇಳುತ್ತಾರೆ. ಕಿರಿಯಳಿಯನ ಕೆನ್ನೆಯ ಕಥೆ ಯಾರಿಗೂ ನೆನಪಿಲ್ಲ.

ಅಂದೇ ತೀರ್ಮಾನ ಮಾಡಿದೆ. ನನಗೂ ಒಂದು ರೈಫಲ್ ಬೇಕು.

ಕನ್ನಡ ಮೇಷ್ಟ್ರಿಗೆ ರೈಫಲ್ ಯಾಕೆ ಅಂತ ನೀವು ಕೇಳುತ್ತೀರಿ. ತಹಸೀಲ್ದಾರರೂ ಕೇಳಿದರು. ಅದಕ್ಕೆ ಉತ್ತರ ಇತ್ತು. ಮಾವನವರು ಗಿರಿಜಳ ಹೆಸರಿಗೆ ಮಾಡಿಕೊಟ್ಟಿದ್ದ ಒಂದೂವರೆ ಎಕರೆ ಹೊನ್ನಾಳಿಯಲ್ಲೇ ಇದೆ. ಬೆಳೆ ರಕ್ಷಣೆ ಅಂತ ಬರೆದೆ. ಹಂದಿಗೆ ಬೇಕಾದದ್ದು ತೋಟಾ ಕೋವಿ, ಈ ಸಣ್ಣ ರೈಫಲ್ಲಿನ ಏಟು ಹಂದಿಗೆ ಸೀನಿದಷ್ಟೇ ಅಂತ ಊರಿನ ಪ್ರತಿಯೊಬ್ಬ ರೈತನಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಹಾಲೇಶಪ್ಪನ ಹತ್ತಿರ ಇರುವುದು ಕೋವಿ ಅಲ್ಲವಲ್ಲ. ರೈಫಲ್ಲು.

ಅರ್ಜಿ ಬರೆಯುವ ಮುಂಚೆ ಶಿವಮೊಗ್ಗದ ಒಂದು ಬಂದೂಕಿನ ಅಂಗಡಿಗೆ ಹೋದೆ. ಯಾವುದು ಬೇಕು ಅಂತ ನಿಖರವಾಗಿ ಬರೆಯಬೇಕಲ್ಲ. ಅಂಗಡಿಯ ಯಜಮಾನರು ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ ವಿವರಿಸಿದರು. ಪಾಯಿಂಟ್ ಟೂ ಟೂ ಅಂದರೆ ಕಿರುಬೆರಳಿಗಿಂತ ತೆಳ್ಳಗಿನ ತೋಟಾ. ದೊಡ್ಡ ರೈಫಲ್ಲಿನ ತೋಟಾಕ್ಕೆ ಸೂಜಿ ನಡುಮಧ್ಯೆ ಬಡಿಯಬೇಕು, ಇದಕ್ಕೆ ಬುಡದ ಅಂಚಿಗೆ ಬಡಿದರೆ ಸಾಕು, ರಿಮ್‌ಫೈರ್ ಅನ್ನುತ್ತಾರೆ. ಅದರಲ್ಲೂ ಎರಡು ತರ. ಒಂದು ಎಲ್ಲರೂ ತಗೊಳ್ಳುವುದು. ಇನ್ನೊಂದು—

ಇಲ್ಲಿ ಅವರು ಒಂದು ಪದ ಹೇಳಿದರು. ಎಲೆಯಡಿಕೆಯ ನಡುವಿನಿಂದ ಅದು ನನ್ನ ಕಿವಿಗೆ ಬಂದು ಬಿದ್ದದ್ದು 'ಮ್ಯಾಗಿನದು' ಎಂದು.

ಈಗ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮ್ಯಾಗೆ ಅಂದರೆ ಮೇಲೆ. ಮ್ಯಾಗಿನದು ಅಂದರೆ ಮೇಲಿನದು. ಅಟ್ಟದ ಮ್ಯಾಗಿನದು, ಮಾಡಿನ ಮ್ಯಾಗಿನದು. ನಾನು ಕೇಳಿದ ಒಂದೇ ಪ್ರಶ್ನೆ, ಚನ್ನಗಿರಿ ಹಾಲೇಶಪ್ಪನವರು ನಿಮ್ಮಲ್ಲಿ ತಗೊಂಡಿದ್ದು ಯಾವುದು? ಅವರು, ಅದು ಎಲ್ಲರೂ ತಗೊಳ್ಳೋದೇ ಅಂದರು. ನನ್ನ ಹೊಟ್ಟೆಗೆ ತಣ್ಣಗೆ ಹಾಲು ಹೊಯ್ದಂತಾಯಿತು. ಹಾಗಾದರೆ ನನ್ನದು ಮ್ಯಾಗಿನದು.

ಅರ್ಜಿಯಲ್ಲಿ ಹಾಗೇ ಬರೆದೆ. 'ಪಾಯಿಂಟ್ ಟೂ ಟೂ ರೈಫಲ್, ಮೇಲಿನದು.' ಆಡುಮಾತು ಅರ್ಜಿಗೆ ತಕ್ಕುದಲ್ಲ ಅಂತ ಶುದ್ಧ ಮಾಡಿಯೇ ಬರೆದೆ. ಪಂಡಿತನಲ್ಲವೇ? ಡಿ.ಸಿ. ಕಚೇರಿಯ ಗುಮಾಸ್ತರು ಅದನ್ನು ಓದಿ ತಲೆ ಕೆರೆದುಕೊಂಡರು. ಮೇಲಿನದು ಅಂದರೆ ಯಾವುದು ಅಂತ ಕೇಳಿದರು. ಅದೇ ಮ್ಯಾಗಿನ್ದು, ಅಂಗಡಿಯವರು ಹೇಳಿದರಲ್ಲ ಎಂದೆ.

"ಓ, ಮ್ಯಾಗ್ನಮ್ಮಾ?" ಅಂದರು. "ಯಾಕ್ರಿ ಸುಮ್ನೆ? ಬರೇ ಪಾಯಿಂಟ್ ಟೂ ಟೂ ಅಂತ ಹಾಕ್ತೀನಿ ಬಿಡ್ರಿ. ಯಾವುದು ಸಿಕ್ಕಿದ್ರೂ ನಡೀತೈತೆ."

"ಬರೇದು ಬ್ಯಾಡ್ರಿ. ಮ್ಯಾಗಿನ್ದೇ ಇರ್ಲಿ."

ಆ ಮನುಷ್ಯ ಮುಖ ನೋಡಿದರು. ಟೈಪು ಮಾಡಿದರು. ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಬಿತ್ತು, ಮ್ಯಾಗ್ನಂ. ಓಹೋ, ಇಂಗ್ಲಿಷಿನಲ್ಲೂ ಮ್ಯಾಗಿನದಕ್ಕೆ ಹೆಚ್ಚುಕಡಿಮೆ ಹಾಗೇ ಅನ್ನುತ್ತಾರಲ್ಲ ಅಂತ ನಾನು ಭಾಷಾಶಾಸ್ತ್ರದ ಖುಷಿಯಲ್ಲಿ ಬಸ್ ಹತ್ತಿದೆ.

ಎರಡು ವರ್ಷ ಅಲೆದ ಮೇಲೆ ಲೈಸೆನ್ಸ್ ಬಂತು. ಕೆಂಪು ರಟ್ಟಿನ ಪುಸ್ತಕ, ನನ್ನ ಫೋಟೋ, ಮೊಹರು. ಪುಸ್ತಕ ಹಿಡಿದು ಅದೇ ಅಂಗಡಿಗೆ ಹೋದೆ. ಯಜಮಾನರು ಓದಿದರು. ಎಲೆಯಡಿಕೆ ಉಗುಳಿ ಬಂದರು. (ಈ ಕೆಲಸವನ್ನು ಎರಡು ವರ್ಷ ಮೊದಲೇ ಮಾಡಿದ್ದರೆ ನನ್ನ ಬಾಳು ಬೇರೆ ಆಗುತ್ತಿತ್ತು.) ಆಗ ನನಗೆ ಗೊತ್ತಾದ ಸಂಗತಿ ಇದು. ಮ್ಯಾಗ್ನಂ ಅನ್ನುವುದು ಅದೇ ಜಾತಿಯ ಬೇರೆ ತೋಟಾ. ಸ್ವಲ್ಪ ಉದ್ದ, ಸ್ವಲ್ಪ ದಪ್ಪ, ಏಟು ಜೋರು. ಅದಕ್ಕೆ ಅದರದ್ದೇ ರೈಫಲ್ ಬೇಕು. ಮಾಮೂಲಿ ರೈಫಲ್ಲಿಗೆ ಅದು ಕೂರುವುದಿಲ್ಲ, ಮಾಮೂಲಿ ತೋಟಾ ಇದಕ್ಕೆ ಹಾಕಬಾರದು. ಮಾಮೂಲಿ ರೈಫಲ್ ನಮ್ಮ ದೇಶದಲ್ಲೇ ತಯಾರಾಗುತ್ತದೆ, ಅಂಗಡಿಯಲ್ಲಿ ಮೂರು ಒರಗಿಸಿಟ್ಟಿದ್ದರು. ಮ್ಯಾಗ್ನಂ ಇಲ್ಲಿ ಯಾರೂ ಮಾಡುವುದಿಲ್ಲ. ಹೊರದೇಶದಿಂದ ಅಂಗಡಿಗೆ ಬರುವುದು ನಿಂತು ಯಾವ ಕಾಲವೋ ಆಗಿದೆ.

ಈ ಮೂರರಲ್ಲಿ ಒಂದು ಕೊಡಿ ಎಂದೆ. ಸಾಧ್ಯವಿಲ್ಲ, ನಿಮ್ಮ ಪುಸ್ತಕದಲ್ಲಿ ಮ್ಯಾಗ್ನಂ ಅಂತಲೇ ಇದೆ ಎಂದರು. ಹಾಲೇಶಪ್ಪನ ಪುಸ್ತಕದಲ್ಲಿ? ಅದರಲ್ಲಿ ಬರೀ ಪಾಯಿಂಟ್ ಟೂ ಟೂ ಅಂತ ಇದೆ, ಅವರು ಯಾವುದು ಬೇಕಾದರೂ ತಗೊಳ್ಳಬಹುದು.

ಕೇಳಿಸಿಕೊಂಡಿರಾ? ಅವನು ಕೇಳದೆಯೇ ಎರಡೂ ಅವನಿಗೆ ಸಲ್ಲುತ್ತವೆ. ನಾನು ಕೇಳಿ ಕೇಳಿ ಒಂದನ್ನೂ ಇಲ್ಲದ ಹಾಗೆ ಮಾಡಿಕೊಂಡೆ.

ನಮ್ಮದು ಕಾಯುವ ದೇಶ. ಸ್ಕೂಟರಿಗೆ ಹೆಸರು ಬರೆಸಿ ಕಾಯುತ್ತೇವೆ, ಗ್ಯಾಸಿಗೆ ಕಾಯುತ್ತೇವೆ, ಸಿಮೆಂಟಿಗೆ ಪರ್ಮಿಟ್ಟು ಹಿಡಿದು ಕಾಯುತ್ತೇವೆ, ಫೋನಿಗೆ ಅಪ್ಪ ಅರ್ಜಿ ಹಾಕಿದರೆ ಮಗ ಮಾತಾಡುತ್ತಾನೆ. ಆದರೆ ಅವೆಲ್ಲ ಎಲ್ಲೋ ಒಂದು ಕಡೆ ತಯಾರಾಗುತ್ತಿವೆ ಅನ್ನುವ ಸಮಾಧಾನವಾದರೂ ಇದೆ. ನಾನು ಕಾಯುತ್ತಿದ್ದದ್ದು ಎಲ್ಲೂ ತಯಾರಾಗದ ವಸ್ತುವಿಗೆ. ದಾವಣಗೆರೆಯಲ್ಲಿ ಕೇಳಿದೆ. ಬೆಂಗಳೂರಿಗೆ ಹೋಗಿ ನಾಲ್ಕು ಅಂಗಡಿ ಸುತ್ತಿದೆ. ಮದ್ರಾಸಿಗೆ, ಮುಂಬಯಿಗೆ ಕಾಗದ ಬರೆದೆ. ಎಲ್ಲರದೂ ಒಂದೇ ರಾಗ. ಹಿಂದೆ ಯಾರೋ ವಿದೇಶದವರು ತಂದು ಇಲ್ಲೇ ಮಾರಿ ಹೋದ ಕೆಲವು ಪೀಸುಗಳಿವೆ, ಇಟ್ಟುಕೊಂಡವರು ಬಿಡುವುದಿಲ್ಲ, ಅವರು ಕಾಲವಾದರೆ ಕೇಳಿ ನೋಡಿ. ಹೀಗೆ ನಾನು, ಹೆಸರು ಕೂಡ ಗೊತ್ತಿಲ್ಲದ ಯಾರದೋ ಸಾವಿಗೆ ಕಾಯುವ ಸ್ಥಿತಿಗೆ ಬಂದೆ.

ಈ ನಡುವೆ ಊರಿನಲ್ಲಿ ನನಗೆ ಮ್ಯಾಗ್ನಂ ಮೇಷ್ಟ್ರು ಅಂತ ಹೆಸರು ಬಿತ್ತು. ಅದೂ ಹೋಗಲಿ. ಲೈಸೆನ್ಸಿಗೊಂದು ಗಡುವು ಇರುತ್ತದೆ, ಅಷ್ಟರೊಳಗೆ ಬಂದೂಕು ಕೊಂಡು ತೋರಿಸಬೇಕು, ಇಲ್ಲವಾದರೆ ಅದು ರದ್ದು. ಒಂದು ಸಲ ಕಾಲು ಹಿಡಿದು ಗಡುವು ಮುಂದೂಡಿಸಿಕೊಂಡಿದ್ದೆ. ಇನ್ನೊಮ್ಮೆ ಆಗುವುದಿಲ್ಲ ಎಂದರು. ಪೇದೆ ಶಾಲೆಗೆ ಬಂದ ಹೊತ್ತಿಗೆ ಉಳಿದಿದ್ದದ್ದು ಒಂದೂವರೆ ತಿಂಗಳು.

ಎಲೆಕ್ಷನ್ ಮುಗಿದು, ಗಡುವಿಗೆ ಹತ್ತು ದಿನ ಇದ್ದಾಗ ಶಿವಮೊಗ್ಗದ ಅಂಗಡಿಯಿಂದ ಒಂದು ಕಾರ್ಡು ಬಂತು. 'ನೀವು ಹುಡುಕುತ್ತಿರುವ ಮಾಲು ಜಗಳೂರು ತಾಲ್ಲೂಕು ಬಿಳಿಚೋಡಿನಲ್ಲಿ ಬುಡೇನ್ ಸಾಹೇಬರ ಬಳಿ ಇದೆ. ಮಾರುವವರಿದ್ದಾರೆ. ಕೂಡಲೇ ಹೋಗಿ.'

ಗಿರಿಜ ಕಾರ್ಡು ಓದಿ, ಅಂತೂ ಸಿಕ್ತಲ್ಲ ಬಿಡ್ರಿ, ಇನ್ನಾದ್ರೂ ನೆಮ್ಮದಿಯಾಗಿ ಊಟ ಮಾಡಿ ಅಂದಳು. ಪಾಪ, ಅವಳೂ ಸಾಕಾಗಿ ಹೋಗಿದ್ದಳು. ಮುಂದಿನ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೊನ್ನಾಳಿ, ಅಲ್ಲಿಂದ ದಾವಣಗೆರೆ. ದಾವಣಗೆರೆಯಲ್ಲಿ ಜಗಳೂರು ಬಸ್ಸು ಹತ್ತಿ ಬಿಳಿಚೋಡಿನಲ್ಲಿ ಇಳಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಚಿತ್ರ. ಹೊನ್ನಾಳಿಯ ಮಾವನವರ ಜಗುಲಿ. ನಾನು ರೈಫಲ್ ಬಿಚ್ಚುತ್ತೇನೆ. ಹಾಲೇಶಪ್ಪ ಕೇಳುತ್ತಾನೆ, ಇದೇನು ಬೇರೆ ತರ ಐತಲ್ಲ ಮೇಷ್ಟ್ರೆ? ನಾನು ಹೇಳುತ್ತೇನೆ, ಹೂಂ, ಇದು ನಿಮ್ಮದಕ್ಕಿಂತ ಮ್ಯಾಗಿನ್ದು.

ಬುಡೇನ್ ಸಾಹೇಬರದು ಉಣ್ಣೆ ವ್ಯಾಪಾರ. ಸುತ್ತಲಿನ ಕುರಿಗಾರರೆಲ್ಲ ಉಣ್ಣೆ ಕತ್ತರಿಸಿ ತಂದು ಅವರ ಅಂಗಳದಲ್ಲೇ ಸುರಿಯುತ್ತಾರೆ. ಎಪ್ಪತ್ತರ ಮೇಲಿನ ವಯಸ್ಸು, ಬಿಳಿ ಗಡ್ಡ, ಎರಡೂ ಕಣ್ಣಿಗೆ ಪೊರೆ. ನಾನು ಹೆಸರು ಹೇಳುವ ಮೊದಲೇ, ಬರ್ರಿ ಮೇಷ್ಟ್ರೆ, ಇವತ್ತು ಭಾನುವಾರ, ನೀವು ಬರ್ತೀರಿ ಅಂತ ಗೊತ್ತಿತ್ತು ಅಂದರು. ಅಂಗಡಿಯವರು ಇವರಿಗೂ ಬರೆದಿರಬೇಕು ಅಂದುಕೊಂಡೆ. ಮಂಡಕ್ಕಿ, ಮೆಣಸಿನಕಾಯಿ ಬೋಂಡ ಬಂತು, ಟೀ ಬಂತು. ಆಮೇಲೆ ಅವರು ಒಳಗಿನಿಂದ ಕಂಬಳಿಯಲ್ಲಿ ಸುತ್ತಿದ ಒಂದು ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು.

ಏನೆಂದು ಹೇಳಲಿ? ನಾನು ಬಂದೂಕು ಬಲ್ಲವನಲ್ಲ, ಆದರೂ ಅದನ್ನು ಕಂಡ ಕೂಡಲೇ ಎರಡೂ ಕೈ ಚಾಚಿದೆ. ಕಂದು ಮರದ ಹಿಡಿ, ಕೈ ಸವರಿ ಸವರಿ ನುಣುಪಾಗಿತ್ತು. ಉಕ್ಕಿಗೆ ನೀಲಿ ಹೊಳಪು. ಈಗಷ್ಟೇ ಸವರಿದಂಥ ಎಣ್ಣೆಯ ವಾಸನೆ. ಚಿತ್ರದುರ್ಗದ ಕಡೆ ಗಣಿ ಕೆಲಸಕ್ಕೆ ಬಂದಿದ್ದ ಹೊರದೇಶದ ಇಂಜಿನಿಯರೊಬ್ಬರು ಊರು ಬಿಡುವಾಗ ಸಾಹೇಬರಿಗೆ ಮಾರಿದ್ದಂತೆ. ಕುರಿ ಹಟ್ಟಿಗೆ ಬರುವ ತೋಳ ಓಡಿಸಲು ಇಟ್ಟುಕೊಂಡಿದ್ದರು. ಕಣ್ಣು ಹೋದ ಮೇಲೆ ಯಾಕೆ, ನೋಡಿಕೊಳ್ಳುವವರ ಕೈಗೆ ಹೋಗಲಿ ಎಂದು ಮಾರುತ್ತಿದ್ದರು. ಹೆಗಲಿಗೆ ಏರಿಸಿ ನೋಡಿದೆ. ನನಗೇ ಅಳತೆ ತೆಗೆದು ಮಾಡಿದ ಹಾಗಿತ್ತು.

ಏನು ಹೊಡೀತೀರಿ ಅಂತ ಸಾಹೇಬರು ಕೇಳಿದರು. ಹಂದಿ ಎಂದೆ. ಸಾಹೇಬರು ಗಡ್ಡ ನೀವಿಕೊಂಡರು.

"ಹಂದಿಗೆ ಇದು ಏನೂ ಆಗಂಗಿಲ್ರಿ. ಗಾಯ ಮಾಡಿ ಬಿಟ್ರೆ ಪಾಪ. ನಿಜ ಹೇಳ್ರಿ, ಯಾಕೆ ಬೇಕು ನಿಮಗೆ?"

ಆ ಮನುಷ್ಯನ ಎದುರು ಸುಳ್ಳು ಹೊರಡಲಿಲ್ಲ. ನಮ್ಮ ಷಡ್ಡಕರ ಹತ್ತಿರ ಒಂದು ಇದೆ ಎಂದೆ. ಅಷ್ಟೇ ಹೇಳಿದ್ದು. ಸಾಹೇಬರು ಅರ್ಥ ಮಾಡಿಕೊಂಡು ನಗತೊಡಗಿದರು. ಕೆಮ್ಮು ಬರುವ ತನಕ ನಕ್ಕರು.

"ಸರ್ಕಾರದೋರು ಹಂದಿಗೆ ಲೈಸೆನ್ಸ್ ಕೊಡ್ತಾರ್ರಿ ಮೇಷ್ಟ್ರೆ. ಷಡ್ಡಕರಿಗೆ ಅಂತ ಕೊಡಾಕೆ ಬರಂಗಿಲ್ಲ."

ನಾನೂ ನಕ್ಕೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಹೊಟ್ಟೆ ಹಗುರಾಗಿ ನಕ್ಕೆ. ಅಲ್ಲಿಗೇ ನಿಲ್ಲಿಸಿ ರೈಫಲ್ ತಗೊಂಡು ಬಂದಿದ್ದರೆ ನಾನು ವಾರವಾರ ಬರೆಯುವ ಈ ಅಂಕಣ ಇಲ್ಲಿಗೆ ಮುಗಿಯುತ್ತಿತ್ತು. ಸಾಹೇಬರು ಮುಂದುವರಿಸಿದರು.

"ಅಂದಂಗೆ ಷಡ್ಡಕರು ಅಂದ್ರೆ ಚನ್ನಗಿರಿಯೋರು ತಾನೆ? ಹಾಲೇಶಪ್ಪನೋರು? ಮೊನ್ನೆ ಅವರೇ ಬಂದಿದ್ದು. ನಮ್ಮ ಮೇಷ್ಟ್ರ ಲೈಸೆನ್ಸಿಗೆ ಇದೊಂದೇ ಹೊಂದೋದು, ಅವರು ಬರೋಗಂಟ ಬೇರೆ ಯಾರಿಗೂ ಕೊಡಬ್ಯಾಡ್ರಿ ಅಂದ್ರು."

ಆಮೇಲೆ ಒಂದೊಂದೇ ಹೊರಗೆ ಬಂತು. ಗಿರಿಜ ಅಕ್ಕನಿಗೆ ಗಡುವಿನ ಸಂಗತಿ ಬರೆದಿದ್ದಳು. ಅಕ್ಕ ಗಂಡನಿಗೆ ಹೇಳಿದ್ದಳು. ಅವನು ಮಿಲ್ಲು ಬಿಟ್ಟು ಹದಿನೈದು ದಿನ ಬೈಕಿನಲ್ಲಿ ಊರೂರು ಸುತ್ತಿ, ಲೈಸೆನ್ಸಿನವರನ್ನೆಲ್ಲ ವಿಚಾರಿಸಿ, ಇದನ್ನು ಪತ್ತೆ ಮಾಡಿದ್ದ. ಶಿವಮೊಗ್ಗದ ಅಂಗಡಿಯಿಂದ ನನಗೆ ಕಾರ್ಡು ಬರೆಸಿದವನೂ ಅವನೇ. ನಾನು ಹೇಳಿದೆ ಅಂತ ಗೊತ್ತಾಗಬಾರದು, ಮೇಷ್ಟ್ರು ಸೂಕ್ಷ್ಮದವರು ಅಂದಿದ್ದನಂತೆ. ಸಾಹೇಬರಿಗೆ ಆ ಕೊನೆಯ ಮಾತು ಮರೆತುಹೋಗಿತ್ತು. ಇದೇ ಜಗುಲಿಯಲ್ಲಿ ಅರ್ಧ ದಿನ ಕೂತು ಬಿಚ್ಚಿ, ಒರೆಸಿ, ಎಣ್ಣೆ ಹಾಕಿದವನೂ ಅವನೇ. ತೋಟಾ ಸಾಹೇಬರ ಬಳಿ ಹದಿನೆಂಟು ಉಳಿದಿತ್ತು, ಇನ್ನಷ್ಟಕ್ಕೆ ಬೆಂಗಳೂರಿಗೆ ಬರೆದಿದ್ದವನೂ ಅವನೇ.

ನನಗೆ ಏನಾಗಬೇಕಿತ್ತು? ಕಣ್ಣು ತುಂಬಿ ಬರಬೇಕಿತ್ತು. ಯಾವ ಕಥೆಯಲ್ಲಾದರೂ ಹಾಗೇ ಆಗುತ್ತದೆ. ನನಗೆ ಮೈಯೆಲ್ಲ ಉರಿಯಿತು. ನನ್ನ ಮೂಗಿಗೆ ಹಿತವಾಗಿ ಬಂದ ಆ ಎಣ್ಣೆಯ ವಾಸನೆ ಅವನದು. ಈ ರೈಫಲ್ಲನ್ನು ಹೊನ್ನಾಳಿಯ ಜಗುಲಿಯಲ್ಲಿ ಬಿಚ್ಚಿದರೆ ಎಲ್ಲರೂ ಏನನ್ನುತ್ತಾರೆ? ಹಿರಿಯಳಿಯ ಕೊಡಿಸಿದ್ದು ಅನ್ನುತ್ತಾರೆ. ಪ್ರತಿಯೊಂದು ಗುಂಡಿಗೂ ಅವನ ಹೆಸರು ಹೇಳಬೇಕು. ನಾಲ್ಕು ವರ್ಷ ಯಾರನ್ನು ಮೀರಿಸಲು ಒದ್ದಾಡಿದೆನೋ ಅವನೇ ನನ್ನ ಬೆನ್ನು ತಟ್ಟಿ ಮೀರಿಸು ಅಂತ ಮುಂದೆ ನೂಕುತ್ತಿದ್ದಾನೆ.

ರೈಫಲ್ಲಿನ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಕನ್ನಡಿಯಂತೆ ಹೊಳೆಯುತ್ತಿತ್ತು.

"ಸಾಹೇಬರೆ, ಒಳಗೆ ತುಕ್ಕು ಹಿಡಿದೈತಲ್ಲ" ಎಂದೆ.

ಈ ಒಂದು ವಾಕ್ಯವನ್ನು ಬರೆಯುವುದಕ್ಕಾಗಿಯೇ ಈ ವಾರ ಪೆನ್ನು ಹಿಡಿದಿದ್ದೇನೆ. ನಾನು ಅದನ್ನು ಹೇಳಿದ್ದು ಎರಡು ಕಣ್ಣಿಗೂ ಪೊರೆ ಬಂದ ಮುದುಕರಿಗೆ. ಅವರು ನಳಿಗೆಯನ್ನು ಕೈಗೆ ತಗೊಂಡರು. ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಹೌದೇನ್ರಿ, ನನಗೆ ಕಾಣಂಗಿಲ್ಲ ಅಂದರು. ಇಪ್ಪತ್ತು ವರ್ಷ ಮಕ್ಕಳಂಗೆ ನೋಡ್ಕೊಂಡಿದ್ದೆ ಅಂದರು. ಕಂಬಳಿ ಸುತ್ತುವಾಗ ಅವರ ಕೈ ತಡವರಿಸುತ್ತಿತ್ತು. ನನ್ನನ್ನು ಬಸ್ ಸ್ಟಾಪಿನವರೆಗೂ ಬಂದು ಬಿಟ್ಟು, ಸುಮ್ನೆ ದೂರದಿಂದ ತ್ರಾಸು ಕೊಟ್ಟಂಗಾತು, ತಪ್ಪು ತಿಳೀಬ್ಯಾಡ್ರಿ ಮೇಷ್ಟ್ರೆ ಅಂದರು.

ಅವರು ನನ್ನ ಕ್ಷಮೆ ಕೇಳಿದರು. ನಾನು ಪರವಾಗಿಲ್ಲ ಬಿಡಿ ಎಂದೆ. ಎಂಥ ದೊಡ್ಡ ಮನುಷ್ಯ ನೋಡಿ ನಾನು.

ಮನೆಯಲ್ಲೂ ಅದನ್ನೇ ಹೇಳಿದೆ. ತುಕ್ಕು ಹಿಡಿದಿತ್ತು. ಗಿರಿಜ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಹೋಗ್ಲಿ ಬಿಡ್ರಿ ಅಂದಳು. ಅವಳು ಹೆಚ್ಚು ಮಾತಾಡದಿದ್ದಾಗ ನನಗೆ ಭಯ. ಕೆಲವೇ ದಿನಗಳಲ್ಲಿ ಗಡುವು ಮುಗಿಯಿತು. ಕೆಂಪು ಪುಸ್ತಕವನ್ನು ಅಂಚೆಯಲ್ಲಿ ಡಿ.ಸಿ. ಕಚೇರಿಗೆ ವಾಪಸು ಕಳಿಸಿದೆ. ಪೀಡೆ ಕಳೆಯಿತು ಅಂದುಕೊಂಡೆ.

ಕಳೆಯಲಿಲ್ಲ. ಕಳೆದ ಭಾನುವಾರ ಮಾವನವರು ಇಬ್ಬರು ಅಳಿಯಂದಿರನ್ನೂ ಊಟಕ್ಕೆ ಕರೆದಿದ್ದರು. ನಾನೂ ಗಿರಿಜಳೂ ಹೊನ್ನಾಳಿ ಮುಟ್ಟುವ ಹೊತ್ತಿಗೆ ಹಾಲೇಶಪ್ಪನ ಬೈಕು ಅಂಗಳದಲ್ಲಿ ನಿಂತಿತ್ತು. ಜಗುಲಿಯ ಮೇಲೆ ಅವನ ಮಾಮೂಲಿ ರೈಫಲ್ಲು. ಅದರ ಪಕ್ಕದಲ್ಲಿ ಒಂದು ಕಂಬಳಿ ಗಂಟು. ಆ ಕಂಬಳಿಯ ಅಂಚು ನನಗೆ ಗುರುತಿತ್ತು.

ಊಟಕ್ಕೆ ಮುಂಚೆ, ಬರ್ರಿ ಮೇಷ್ಟ್ರೆ, ಕಬ್ಬು ನೋಡ್ಕಂಡು ಬರಣ ಅಂತ ಕರೆದ. ಗದ್ದೆಯ ಬದುವಿನ ಮೇಲೆ ಅವನು ಮುಂದೆ, ನಾನು ಹಿಂದೆ. ಎಲ್ಲರ ಕಿವಿಯಿಂದ ದೂರ ಬಂದ ಮೇಲೆ ನಿಂತ. ಅವನ ಮುಖದ ಮೇಲೆ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಸಾಹೇಬ್ರು ಸರಿಯಾಗಿ ಊಟಾನೇ ಮಾಡಿರ್ಲಿಲ್ಲಂತೆ ಮೇಷ್ಟ್ರೆ. ನನ್ ಕೈಯಾಗೆ ತುಕ್ಕು ಹಿಡಿಸ್ಬಿಟ್ನಲ್ಲ ಅಂತ. ಅವರ ಮಗ ಚೀಟಿ ಕಳ್ಸಿದ್ದ, ಹೋಗಿದ್ದೆ. ನಳಿಗೆ ನೋಡಿ, ಕನ್ನಡಿಯಂಗೈತೆ ಸಾಹೇಬ್ರೆ, ನಮ್ಮ ಮೇಷ್ಟ್ರು ಕನ್ನಡಕ ಬದಲಾಯಿಸ್ಬೇಕು ಅಷ್ಟೇ ಅಂದೆ. ಮಾತಿಗೆ ನಂಬಲಿಲ್ಲ. ಅದುಕ್ಕೆ ನಾನೇ ತಗಂಡ್ ಬಂದೆ."

ಅವನ ಲೈಸೆನ್ಸಿನಲ್ಲಿ ಎರಡನೆಯ ಬಂದೂಕಿಗೆ ಜಾಗ ಇತ್ತು. ಬರೀ ಪಾಯಿಂಟ್ ಟೂ ಟೂ ಅಂತ.

ನಾನು ಕಬ್ಬು ನೋಡುತ್ತ ನಿಂತೆ. ಕನ್ನಡಕ ಹಾಕುವವನೇನೋ ಹೌದು. ಆದರೆ ಆ ಕನ್ನಡಕ ಹೊಸದು, ಯುಗಾದಿಗೆ ಮಾಡಿಸಿದ್ದು. ಅದು ಅವನಿಗೂ ಗೊತ್ತು. ಚನ್ನಗಿರಿಯಲ್ಲಿ ಅವನೇ ಅಂಗಡಿಗೆ ಕರೆದುಕೊಂಡು ಹೋಗಿ ಫ್ರೇಮು ಆರಿಸಿಕೊಟ್ಟಿದ್ದ. ಯಾಕೆ ಹಾಗೆ ಹೇಳಿದಿರಿ ಅಂತ ಅವನು ಕೇಳುತ್ತಾನೆ ಅಂತ ಕಾದೆ. ಕೇಳಲಿಲ್ಲ. ಮುಂದಿನ ವರ್ಷ ನೀವು ಮತ್ತೆ ಅರ್ಜಿ ಹಾಕಿ, ಬರೀ ಪಾಯಿಂಟ್ ಟೂ ಟೂ ಅಂತ ಬರೆಸಿ, ಲೈಸೆನ್ಸ್ ಬಂದ ದಿನ ಇದನ್ನು ನಿಮ್ಮ ಹೆಸರಿಗೆ ಮಾಡಿಕೊಡುತ್ತೇನೆ, ಅಲ್ಲಿಯವರೆಗೆ ಎಣ್ಣೆ ಹಾಕಿ ಇಟ್ಟಿರುತ್ತೇನೆ ಅಂದ. ಮನೆಯವರಿಗೆ ಏನೂ ಹೇಳಿಲ್ಲ ಅಂದ. ಆಮೇಲೆ ಎಂದಿನಂತೆ, ಹಸಿವಾಗ್ತೈತೆ ನಡ್ರಿ ಎಂದು ಮುಂದೆ ಹೊರಟ.

ತಪ್ಪಾಯಿತು ಅನ್ನಬೇಕೆಂದು ಬಾಯಿ ತೆರೆದೆ. ಬದುವು ಮುಗಿಯಿತು, ಅಂಗಳ ಬಂತು, ಮಾತು ಬರಲಿಲ್ಲ. ಎಲೆ ಹಾಕಿದ್ದರು. ಮಾವನವರು ಹಿರಿಯಳಿಯನ ಹೊಸ ರೈಫಲ್ಲನ್ನು ಹೊಗಳುತ್ತಲೇ ಇದ್ದರು. ಇಂಥದ್ದು ಈ ಸೀಮೆಯಾಗೆ ಇನ್ನೊಂದು ಇಲ್ಲವಂತಲ್ಲ ಅಂದರು. ಗಿರಿಜ ಬಡಿಸುತ್ತ ನನ್ನ ಎಲೆಯ ಮುಂದೆ ಬಂದವಳು ಆ ರೈಫಲ್ಲಿನ ಹೊಳಪು ನೋಡಿದಳು, ನನ್ನನ್ನು ನೋಡಿದಳು. ಪಾಯಸ ಒಂದು ಸೌಟು ಜಾಸ್ತಿ ಹಾಕಿ ಮುಂದೆ ಹೋದಳು.

ಬಿಳಿಚೋಡಿಗೆ ಹೋಗಿ ಸಾಹೇಬರ ಎದುರು ನಿಂತು ಸುಳ್ಳು ಹೇಳಿದೆ ಅಂತ ಒಪ್ಪಿಕೊಳ್ಳುವುದು ಬಾಕಿ ಇದೆ. ಈ ಭಾನುವಾರ ಹೋಗುತ್ತೇನೆ. ಅವರು ಬೈದರೆ ಬೈಸಿಕೊಳ್ಳುತ್ತೇನೆ. ಅವರು ಬೈಯುವುದಿಲ್ಲ, ಬೋಂಡ ತರಿಸುತ್ತಾರೆ, ಅದೇ ನನ್ನ ಕಷ್ಟ. ಇಷ್ಟು ಬರೆದ ಮೇಲೂ, ಇಷ್ಟು ನಾಚಿಕೆಯಾದ ಮೇಲೂ, ಎದೆಯೊಳಗಿನ ಆ ಉರಿ ಆರಿದೆಯಾ ಅಂತ ಕೇಳಿದರೆ, ಇಲ್ಲ. ಓದುಗರೇ, ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ? ಒಂದು ಕೈ ಹೆಚ್ಚೇ ಆಗಿದೆ.

ಅವನಿಗೆ ಎರಡು ರೈಫಲ್ಲು ಇರಲಿ, ಒಪ್ಪಿದೆ. ದೊಡ್ಡ ಮನಸ್ಸೂ ಅವನಿಗೇ ಇರಬೇಕಾ?